ಐದನೇ ತುಂಡು: ಕಾಲುವೆ ದಂಡೆಯಲ್ಲಿ ಎರಡು ದಿನ, ನಡುವೆ ಒಂದು ರಿಪೇರಿ

ಭಾನುವಾರ ರಾತ್ರಿ, ಅಕ್ಟೋಬರ್ 12, 2025. ನನ್ನ ಮೀನು ಹಿಡಿಯುವ ಪೋಲ್‌ನ ಐದನೇ ತುಂಡು ಅಡುಗೆಮನೆಯ ರೇಡಿಯೇಟರ್ ಪಕ್ಕ ಮಲಗಿದೆ. ಬಿರುಕಿಗೆ ಹಚ್ಚಿದ ಅಂಟಿನ ಎರಡನೇ ಲೇಪ ಒಣಗಬೇಕು. ಅಷ್ಟರೊಳಗೆ ಶುಕ್ರವಾರದಿಂದ ಆದದ್ದನ್ನೆಲ್ಲ ಬರೆದಿಡುತ್ತಿದ್ದೇನೆ. ಹಳೆಯ ಪೋಲ್ ಕೊಳ್ಳುವ ಯೋಚನೆ ಇರುವವರಿಗೆ ನನ್ನ ತಪ್ಪುಗಳಿಂದ ಉಪಯೋಗವಾಗಬಹುದು.

ಪೋಲ್ ಎಂದರೆ ರಾಟೆ ಇಲ್ಲದ, ಉದ್ದನೆಯ, ಟೊಳ್ಳು ಕಾರ್ಬನ್ ಕೋಲು. ನನ್ನದಕ್ಕೆ ಎಂಟು ತುಂಡು, ಎಣಿಕೆ ತುದಿಯಿಂದ ಬುಡಕ್ಕೆ. ಎಲ್ಲ ಸಿಕ್ಕಿಸಿದರೆ 11 ಮೀಟರ್. ದಾರವನ್ನು ತುದಿಯಿಂದ ಇಣುಕುವ ಎಲಾಸ್ಟಿಕ್‌ಗೆ ಕಟ್ಟುತ್ತಾರೆ. ಮೀನು ಎಳೆದಾಗ ಎಲಾಸ್ಟಿಕ್ ಹಿಗ್ಗಿ ಎಳೆತವನ್ನು ತಾನೇ ತಿನ್ನುತ್ತದೆ. ನಾವು ಮಂಡ್ಯದ ಕಡೆಯವರು. ವಿಶ್ವೇಶ್ವರಯ್ಯ ನಾಲೆಯ ದಂಡೆಯಲ್ಲಿ ಬಿದಿರುಕೋಲು, ನವಿಲುಗರಿಯ ಬೆಂಡು, ಎರೆಹುಳು ಇಟ್ಟುಕೊಂಡು ಜಿಲೇಬಿ ಮೀನಿಗೆ ಕೂತವರು. ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ಗೆ ಬಂದು ಆರು ವರ್ಷವಾದರೂ ಮನೆಯಿಂದ ಹತ್ತು ನಿಮಿಷದ ದೂರದಲ್ಲಿರುವ ಗ್ರ್ಯಾಂಡ್ ಯೂನಿಯನ್ ಕಾಲುವೆಗೆ ಗಾಳ ಹಾಕಿರಲಿಲ್ಲ. ಈ ವರ್ಷ ಲೈಸೆನ್ಸ್ ಪಡೆದು ಶುರು ಮಾಡಿದೆ. ಟ್ರೌಟ್, ಸಾಲ್ಮನ್ ಜಾತಿಗಳನ್ನು ಬಿಟ್ಟು ಉಳಿದ ಸಿಹಿನೀರಿನ ಮೀನನ್ನು ಇಲ್ಲಿ ಕೋರ್ಸ್ ಮೀನು ಎನ್ನುತ್ತಾರೆ. ಈ ಕಾಲುವೆಯಲ್ಲಿ ಹಿಡಿದದ್ದನ್ನು ಮತ್ತೆ ನೀರಿಗೆ ಬಿಡಬೇಕು. ಸಾರಿಗೆ ಎಷ್ಟು ಸಿಕ್ಕಿತು ಎಂದು ಅಮ್ಮ ಫೋನಿನಲ್ಲಿ ಕೇಳಿದಾಗ ಇದನ್ನು ವಿವರಿಸಲು ಸಾಕಷ್ಟು ಹೊತ್ತು ಬೇಕಾಯಿತು.

ಶುಕ್ರವಾರ, ಅಕ್ಟೋಬರ್ 10, ಸಂಜೆ 7: ಎಲಾಸ್ಟಿಕ್ ಹಾಕುವುದು

ಪೋಲ್ ಸೆಕೆಂಡ್ ಹ್ಯಾಂಡ್, 60 ಪೌಂಡ್. ತುದಿಯ ಕಿಟ್ (ಒಳಗೆ ಎಲಾಸ್ಟಿಕ್ ಇರುವ, ಬದಲಿಸಬಹುದಾದ ತುದಿಭಾಗ) ಎರಡಿದ್ದವು. ಎರಡರ ಎಲಾಸ್ಟಿಕ್ಕೂ ಒಣಗಿ ಬಿರುಕು ಬಿಟ್ಟಿತ್ತು. ಒಂದಕ್ಕೆ 4ನೇ ನಂಬರ್ (ಸಣ್ಣ ರೋಚ್ ಮೀನಿಗೆ), ಇನ್ನೊಂದಕ್ಕೆ 8ನೇ ನಂಬರ್ (ಪರ್ಚ್, ಬ್ರೀಮ್ ಬಂದರೆ) ಹಾಕುವುದೆಂದು ತೀರ್ಮಾನಿಸಿದೆ.

ಕೆಲಸದ ಕ್ರಮ ಹೀಗೆ. ಕಿಟ್ಟಿನ ತುದಿಯನ್ನು ಟೆಫ್ಲಾನ್ ಬುಶ್ (ಎಲಾಸ್ಟಿಕ್ ಸಲೀಸಾಗಿ ಜಾರಲು ಹಾಕುವ ಸಣ್ಣ ಕೊಳವೆ) ಒಳಗೆ ಹಿಡಿಯುವಷ್ಟು ಕತ್ತರಿಸಬೇಕು. ಬುಶ್ ಕೂರಿಸಿ, ಉದ್ದನೆಯ ತಂತಿಯಿಂದ ಎಲಾಸ್ಟಿಕ್ ಅನ್ನು ಒಳಗಿನಿಂದ ಎಳೆದು, ಬುಡದಲ್ಲಿ ಬಿರಡೆಗೆ ಕಟ್ಟಿ, ತುದಿಯಲ್ಲಿ ದಾರ ಸಿಕ್ಕಿಸುವ ಕನೆಕ್ಟರ್ ಹಾಕಬೇಕು.

ಮೊದಲ ತಪ್ಪು ಇಲ್ಲಿಯೇ ಆಯಿತು. ಕತ್ತರಿಸುವ ಜಾಗಕ್ಕೆ ಟೇಪ್ ಸುತ್ತದೆ ಗರಗಸ ಹಚ್ಚಿದೆ. ಕಾರ್ಬನ್ ಎಳೆ ಎದ್ದು ತುದಿ ಒಂದೂವರೆ ಸೆಂಟಿಮೀಟರ್ ಸೀಳಿತು. ಸೀಳಿದ್ದನ್ನೆಲ್ಲ ತೆಗೆಯುವ ಹೊತ್ತಿಗೆ ಕೊಂಡು ತಂದಿದ್ದ ಬುಶ್ ಸಡಿಲವಾಯಿತು; ಒಂದು ಸೈಜ್ ದೊಡ್ಡದು ಕೂರಿಸಬೇಕಾಯಿತು. ಅದೃಷ್ಟಕ್ಕೆ ಪೊಟ್ಟಣದಲ್ಲಿ ಮೂರು ಸೈಜ್ ಇದ್ದವು. ಎರಡನೇ ಕಿಟ್‌ಗೆ ಮೂರು ಸುತ್ತು ಇನ್ಸುಲೇಶನ್ ಟೇಪ್ ಹಾಕಿ, ಸಣ್ಣ ಹಲ್ಲಿನ ಗರಗಸವನ್ನು ಒತ್ತದೆ ಎಳೆದೆ. ಬೆಣ್ಣೆ ಕತ್ತರಿಸಿದ ಹಾಗೆ ಬಂತು.

ಎರಡನೇ ತಪ್ಪು ಎಲಾಸ್ಟಿಕ್‌ನ ಬಿಗಿ. ಎಳೆದು ಬಿಟ್ಟರೆ ಕನೆಕ್ಟರ್ ಬುಶ್‌ಗೆ ಟಕ್ ಎಂದು ಬಂದು ಕೂರಬೇಕು. ನನ್ನದು ಮೂರು ಸೆಂಟಿಮೀಟರ್ ಹೊರಗೆ ಜೋತು ಬಿತ್ತು. ಬಿಚ್ಚಿ, 10 ಸೆಂ.ಮೀ. ಕಡಿಮೆ ಮಾಡಿ ಮತ್ತೆ ಕಟ್ಟಿದೆ. ಆಗಲೂ ಜೋತು. ಇನ್ನೂ 8 ಸೆಂ.ಮೀ. ತೆಗೆದ ಮೇಲೆ ಸರಿಯಾಯಿತು. ಒಂದು ಕಿಟ್ಟಿಗೆ 20 ನಿಮಿಷ ಎಂದು ಅಂದಾಜಿಸಿದ್ದೆ. ಎರಡಕ್ಕೆ ಸೇರಿ ಎರಡೂಕಾಲು ಗಂಟೆ ಹಿಡಿಯಿತು.

ಆಮೇಲೆ ದಾರ ಕಟ್ಟಿದೆ. ಮುಖ್ಯ ದಾರ 0.10 ಮಿ.ಮೀ., ಗಾಳಕ್ಕೆ ಹೋಗುವ ಕೊನೆಯ ಗೇಣುದ್ದ 0.08 ಮಿ.ಮೀ. ಕೊನೆಯ ದಾರ ಯಾವಾಗಲೂ ಸಣ್ಣದಿರಬೇಕು. ತುಂಡಾದರೆ ಅಲ್ಲೇ ತುಂಡಾಗಲಿ. ಮೀನು ಬೆಂಡು, ಗುಂಡು ಎಲ್ಲವನ್ನೂ ಎಳೆದುಕೊಂಡು ಅಲೆಯುವಂತೆ ಆಗಬಾರದು. ಗಾಳ 20ನೇ ನಂಬರ್. ನನ್ನ ಕಿರುಬೆರಳ ಉಗುರಿನ ಮೇಲೆ ಐದಾರು ಸಾಲಾಗಿ ಇಡಬಹುದು. ಗುಂಡುಗಳು 10ನೇ ನಂಬರಿನವು (ನಂಬರ್ ಹೆಚ್ಚಾದಷ್ಟೂ ಗುಂಡು ಸಣ್ಣದು). ಈ ದೇಶದಲ್ಲಿ 1987ರಿಂದ 0.06 ಗ್ರಾಂ ಮೀರಿದ ಸೀಸದ ಗುಂಡುಗಳಿಗೆ, ತೀರ ಭಾರದವನ್ನು ಬಿಟ್ಟು, ನಿಷೇಧವಿದೆ. ಹಂಸಗಳು ಅವನ್ನು ನುಂಗಿ ವಿಷವೇರಿ ಸಾಯುತ್ತಿದ್ದವು. ಎಂಟನೇ ನಂಬರ್ ಮತ್ತು ಅದಕ್ಕಿಂತ ಸಣ್ಣವಕ್ಕೆ ತೊಂದರೆಯಿಲ್ಲ.

ಮಲಗುವ ಮುನ್ನ ಎರೆ ಸಿದ್ಧಪಡಿಸಿದೆ. ಬಿಳಿ ಬ್ರೆಡ್ಡಿನ ಅಂಚು ತೆಗೆದು ಮಿಕ್ಸಿಗೆ ಹಾಕಿ ಜರಡಿ ಹಿಡಿದೆ. ಇದು ನೀರಿಗೆ ಎರಚಲು. ಗಾಳಕ್ಕೆ ಹಾಕುವ ಹೋಳುಗಳನ್ನು ಚಪಾತಿ ಲಟ್ಟಣಿಗೆಯಿಂದ ತೆಳ್ಳಗೆ ಒತ್ತಿ ಚೀಲದಲ್ಲಿ ಮುಚ್ಚಿಟ್ಟೆ.

ಶನಿವಾರ, ಬೆಳಿಗ್ಗೆ 7.20: ಜಾಗ ಮತ್ತು ಆಳ

ಗ್ರೇಟ್ ಲಿನ್‌ಫರ್ಡ್ ಬಳಿಯ ದಂಡೆ. ಮೋಡ ಕವಿದಿತ್ತು, ಗಾಳಿ ಇರಲಿಲ್ಲ, 9 ಡಿಗ್ರಿ. ಮೊದಲು ನೋಡಿದ ಜಾಗ ಚೆನ್ನಾಗಿತ್ತು, ಆದರೆ ಸ್ವಲ್ಪ ದೂರದಲ್ಲೇ ವಿದ್ಯುತ್ ತಂತಿ ಹಾದುಹೋಗಿತ್ತು. ಕಾರ್ಬನ್ ವಿದ್ಯುತ್ ಹರಿಸುತ್ತದೆ. ತಂತಿಯಿಂದ ಕನಿಷ್ಠ 30 ಮೀಟರ್ ದೂರ ಇರಬೇಕೆಂಬುದು ನಿಯಮ. ಹೆಜ್ಜೆ ಎಣಿಸಿಕೊಂಡು 60 ಮೀಟರ್ ಆಚೆ ಹೋಗಿ ಪೆಟ್ಟಿಗೆ ಇಳಿಸಿದೆ.

ಗಾಳಕ್ಕೆ ಸಣ್ಣ ತೂಕ ಸಿಕ್ಕಿಸಿ ಆಳ ಅಳೆದೆ. ದಂಡೆಯಿಂದ 2 ಮೀಟರ್‌ಗೆ 60 ಸೆಂ.ಮೀ., 5 ಮೀಟರ್‌ಗೆ 1.15 ಮೀ., 7 ಮೀಟರ್‌ಗೆ 1.40 ಮೀ., 11 ಮೀಟರ್‌ಗೆ ಎದುರು ದಂಡೆಯ ಮುಳ್ಳುಪೊದೆಯ ಕೆಳಗೆ 70 ಸೆಂ.ಮೀ. ಕಾಲುವೆಯ ತಳ ಬಾಣಲೆಯ ಹಾಗೆ. ನಡುವಿನ ಆಳ ದೋಣಿಗಳ ದಾರಿ, ಎರಡು ಬದಿಯ ಇಳಿಜಾರು ಮೀನಿನ ಮನೆ.

ನಮ್ಮ ನಾಲೆಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಹರಿವು. ನಮ್ಮದು ಗದ್ದೆಗೆ ಓಡುವ ನೀರು. ಇದು ಸರಕು ಸಾಗಿಸಲು ತೋಡಿದ, ನಿಂತ ನೀರು. ಲಾಕ್ ಎಂದರೆ ದೋಣಿಯನ್ನು ಒಂದು ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ, ಬಾಗಿಲುಗಳಿರುವ ತೊಟ್ಟಿ. ಫೆನ್ನಿ ಸ್ಟ್ರಾಟ್‌ಫರ್ಡ್‌ನ ಲಾಕ್‌ನಿಂದ ಕಾಸ್‌ಗ್ರೋವ್‌ನ ಲಾಕ್‌ವರೆಗೆ ಹತ್ತು ಮೈಲಿಗೂ ಹೆಚ್ಚು ಒಂದೇ ಮಟ್ಟ. ಫೆನ್ನಿಯ ಲಾಕ್ ಎತ್ತುವುದು ಕೂಡ ಒಂದಡಿಯ ಆಸುಪಾಸು ಅಷ್ಟೇ. ಆದರೂ ದೋಣಿ ಬಂದಾಗ ನೀರು ಮೊದಲು ಅದರತ್ತ ಎಳೆಯುತ್ತದೆ, ಆಮೇಲೆ ವಾಪಸು ಬರುತ್ತದೆ. ತಳದ ಕೆಸರು ಏಳುತ್ತದೆ. ಏಳಡಿ ಅಗಲದ ನ್ಯಾರೋಬೋಟ್ ಒಂದು ಹಾದುಹೋದರೆ ಐದು ನಿಮಿಷ ಗಾಳ ಎತ್ತಿಟ್ಟು ಸುಮ್ಮನೆ ಕೂರಬೇಕು.

ಶನಿವಾರ, 8.00ರಿಂದ 12.30

ಐದು ಮೀಟರ್ ಸಾಲಿಗೆ ಬ್ರೆಡ್ ಪುಡಿಯ ಒಂದು ಉಂಡೆ, ಮೊಟ್ಟೆಯಷ್ಟು ಗಾತ್ರದ್ದು, ಹಾಕಿದೆ. ಅದು ನೀರಿನಲ್ಲಿ ಮೋಡದಂತೆ ಬಿಚ್ಚಿಕೊಂಡು ಇಳಿಯಿತು. ನಾಲ್ಕು ಮಿಲಿಮೀಟರ್ ಪಂಚ್‌ನಿಂದ ಬ್ರೆಡ್ ಒತ್ತಿ ತೆಗೆದ ಚುಕ್ಕೆಯನ್ನು ಗಾಳಕ್ಕೆ ಚುಚ್ಚಿದೆ. ಬೆಂಡಿನ ತುದಿ ನೀರಿನ ಮೇಲೆ ಸಾಸಿವೆ ಕಾಳಿನಷ್ಟೇ ಕಾಣುವಂತೆ ಗುಂಡು ಹೊಂದಿಸಿದ್ದೆ. ನಾಲ್ಕನೇ ನಿಮಿಷಕ್ಕೆ ಆ ಕಾಳು ಒಂದು ಸಲ ನಡುಗಿತು, ಬದಿಗೆ ಸರಿಯಿತು, ಇಲ್ಲವಾಯಿತು. ಎತ್ತಿದರೆ ರೋಚ್. ಒಂದು ಗೇಣೂ ಇಲ್ಲ, ಬೆಳ್ಳಿ ಮೈ, ಕೆಂಪು ಕಣ್ಣು. ಕೈಯಲ್ಲಿ ಹಿಡಿದಾಗ ತಣ್ಣಗಿತ್ತು, ಹೊಸ ನಾಣ್ಯದ ಹಾಗೆ ಹೊಳೆಯುತ್ತಿತ್ತು. ಆರು ವರ್ಷ ಈ ನೀರಿನ ಪಕ್ಕದಲ್ಲೇ ನಡೆದಾಡಿಯೂ ಒಳಗೆ ಇಂಥದ್ದು ಇದೆ ಎಂದು ನೋಡಿರಲಿಲ್ಲವಲ್ಲ ಎನಿಸಿತು.

ಒಂಬತ್ತೂವರೆಯೊಳಗೆ 23 ರೋಚ್. ಆಮೇಲೆ ದೋಣಿಗಳು ಶುರುವಾದವು. 12 ಗಂಟೆಯೊಳಗೆ ಎಂಟು ಹೋದವು. ಅಷ್ಟು ಹೊತ್ತಿಗೆ ನಾಲ್ಕೇ ಮೀನು. ಉಂಡೆ ಮೇಲೆ ಉಂಡೆ ಹಾಕಿದ್ದು ತಪ್ಪು ಎಂದು ಈಗ ಅನಿಸುತ್ತದೆ. ಮೀನು ಸುಮ್ಮನಾದಾಗ ಎರೆ ಹೆಚ್ಚಿಸಿದರೆ ಅವುಗಳ ಹೊಟ್ಟೆ ತುಂಬುತ್ತದೆ, ಗಾಳದ ಕಡೆ ತಿರುಗುವುದಿಲ್ಲ.

ಶನಿವಾರ, ಮಧ್ಯಾಹ್ನ 1.20: ಬಿರುಕು

ಮುಂದಿನದನ್ನು ವಿವರವಾಗಿ ಬರೆಯುತ್ತೇನೆ. ವಾರಾಂತ್ಯ ಕೆಟ್ಟದ್ದು ಇಲ್ಲಿ.

ಹನ್ನೊಂದು ಮೀಟರ್‌ಗೆ, ಎದುರು ಪೊದೆಯ ಕೆಳಗೆ, ಕತ್ತರಿಸಿದ ಎರೆಹುಳು ಮತ್ತು ಕ್ಯಾಸ್ಟರ್ (ನೊಣದ ಹುಳು ಗೂಡಾದ ಹಂತ) ಹಾಕುತ್ತಾ ಬಂದಿದ್ದೆ. ಪೂರ್ತಿ ಪೋಲ್ ಹಿಡಿದು ಕೂತರೆ, ಮೀನು ಸಿಕ್ಕಾಗ ಕೋಲನ್ನು ಹಿಂದಕ್ಕೆ ಜಾರಿಸಿ ತುಂಡು ಬಿಚ್ಚಬೇಕು. ನನ್ನ ಹಿಂದೆಯೇ ದಂಡೆಯ ಹಾದಿ. ಒಂದು ಕಾಲಕ್ಕೆ ಕುದುರೆಗಳು ದೋಣಿ ಎಳೆದ ಹಾದಿ, ಈಗ ಸೈಕಲ್, ನಾಯಿ, ಮಕ್ಕಳು. ಕೋಲು ಅಡ್ಡ ಬಂದರೆ ಜನರಿಗೆ ಅಪಾಯ. ಹಾದಿಗೆ ಸಮಾನಾಂತರವಾಗಿ ಜಾರಿಸಲು ಎರಡು ರೋಲರ್ (ಕೋಲು ಜಾರಲು ನೆಲದಲ್ಲಿ ನಿಲ್ಲಿಸುವ ಆಸರೆ) ಬೇಕು. ನನ್ನ ಹತ್ತಿರ ಒಂದೇ ಇತ್ತು.

ಒಂದು ಗಂಟೆಯ ಸುಮಾರಿಗೆ ಹಿಂದೆ ಸೈಕಲ್ ಗಂಟೆ ಕೇಳಿತು. ಅವಸರದಲ್ಲಿ ಐದನೇ ತುಂಡಿನ ಬುಡದಲ್ಲಿ ತಿರುಚಿ ಬಿಚ್ಚಿ, ಬುಡವನ್ನು ಜಲ್ಲಿಯ ಮೇಲೆ ಇಟ್ಟೆ. ಸೈಕಲ್ಲಿನವರು ಧನ್ಯವಾದ ಹೇಳಿ ಹೋದರು. ನಾನು ತುಂಡನ್ನು ಎತ್ತಿ, ಒರೆಸದೆ, ಹಾಗೆಯೇ ಆರನೆಯದರ ಮೇಲೆ ಸಿಕ್ಕಿಸಿದೆ. ಕರಕರ ಎಂದು ಸದ್ದಾಯಿತು. ಸದ್ದು ನನಗೆ ಕೇಳಿಸಿತು. ಆದರೂ ಒತ್ತಿ ಕೂರಿಸಿದೆ.

ಹದಿನೈದು ನಿಮಿಷದ ಮೇಲೆ ಬೆಂಡು ಮೇಲೆದ್ದು ಅಡ್ಡ ಮಲಗಿತು. ಬ್ರೀಮ್ ಹೀಗೆಯೇ ಕಚ್ಚುತ್ತದೆ. ತಲೆ ಕೆಳಗೆ ಮಾಡಿ ತಿಂದು ಗುಂಡನ್ನು ಎತ್ತುತ್ತದೆ. 8ನೇ ಎಲಾಸ್ಟಿಕ್ ಎರಡು ಮೀಟರ್ ಹೊರಗೆ ಬಂತು. ಒಂದು ಸಲ ಮೇಲೆ ಬಂದು ಮಗುಚಿದಾಗ ತಟ್ಟೆಯಷ್ಟು ಅಗಲದ ಕಂಚಿನ ಬಣ್ಣದ ಮೈ ಕಂಡಿತು. ಎರಡು ಕೈಯಲ್ಲಿ ಕೋಲನ್ನು ಎತ್ತಿದೆ. ಚಟ್ ಎಂದಿತು. ಐದನೇ ತುಂಡಿನ ಬುಡ ಸೀಳಿ ಜೋಡಣೆ ಸಡಿಲವಾಗಿ ಕೋಲು ಬಾಗಿ ಬಿತ್ತು. ಮೀನು ಪೊದೆಯ ಬೇರಿಗೆ ನುಗ್ಗಿತು. ಕೊನೆಯ ದಾರ ತುಂಡಾಯಿತು. ಉಳಿದದ್ದೆಲ್ಲ ನನ್ನ ಕೈಗೆ ವಾಪಸು ಬಂತು. ಮೀನಿನ ಬಾಯಲ್ಲಿ ಉಳಿದದ್ದು ಹಿಂಮುಳ್ಳು ಇಲ್ಲದ ಸಣ್ಣ ಗಾಳ ಮಾತ್ರ. ಅಷ್ಟೇ ಸಮಾಧಾನ.

ತುಂಡನ್ನು ಬೆಳಕಿಗೆ ಹಿಡಿದು ನೋಡಿದೆ. ಬುಡದ ಅಂಚಿನಿಂದ ನೇರವಾಗಿ ಮೇಲಕ್ಕೆ 4 ಸೆಂ.ಮೀ. ಉದ್ದದ, ಕೂದಲಷ್ಟು ಸಣ್ಣ ಗೆರೆ. ಒಳಗೆ ಬೆರಳು ಆಡಿಸಿದರೆ ಮರಳಿನ ಎರಡು ಕಣ. ಒಂದು ಕಣ ಕೂತಿದ್ದ ಕಡೆಯೇ ಬಿರುಕು ಶುರುವಾಗಿತ್ತು.

ಐದು ಇಲ್ಲದೆ ಆರು, ಏಳು, ಎಂಟು ಸೇರುವುದಿಲ್ಲ. ಉಳಿದದ್ದು 5 ಮೀಟರ್ ಕೋಲು. ಅದರಲ್ಲಿ ಹತ್ತಿರದ ಇಳಿಜಾರಿನಲ್ಲಿ ಪಿಂಕಿ (ನೊಣದ ಸಣ್ಣ ಹುಳು) ಹಾಕಿ ಸಂಜೆ 4ರವರೆಗೆ 11 ಗಜನ್ ಹಿಡಿದೆ. ಬೆರಳುದ್ದದ, ಮೀಸೆ ಇರುವ ತಳಮೀನು. ದಿನದ ಒಟ್ಟು 38 ಮೀನು, ತೂಕ 1.3 ಕೆ.ಜಿ.

ಶನಿವಾರ ರಾತ್ರಿ: ಮೊದಲ ರಿಪೇರಿ, ವಿಫಲ

ಆರು ಗಂಟೆಗೆ ಐದು ನಿಮಿಷದಲ್ಲಿ ಗಟ್ಟಿಯಾಗುವ ಎಪಾಕ್ಸಿ ಅಂಟನ್ನು ಬಿರುಕಿಗೆ ಒತ್ತಿ, ಮೇಲೆ ಇನ್ಸುಲೇಶನ್ ಟೇಪ್ ಬಿಗಿದೆ. ಮೂರು ತಪ್ಪು ಒಟ್ಟಿಗೆ ಆದವು. ಮೇಲಿನ ವಾರ್ನಿಶ್ ಉಜ್ಜದೆ ಹಚ್ಚಿದ್ದರಿಂದ ಅಂಟು ಹಿಡಿಯಲಿಲ್ಲ. ಒಳಗೆ ಏನನ್ನೂ ಇಡದ ಕಾರಣ ಅಂಟು ಒಳಕ್ಕೆ ಇಳಿದು ಏಣು ಕಟ್ಟಿತು, 9 ಸೆಂ.ಮೀ. ಕೂರಬೇಕಾದ ಜೋಡಣೆ ಮೂರಕ್ಕೇ ನಿಂತಿತು. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು: ಕೂರಲಿಲ್ಲವೆಂದು ತಿರುಚಿ ಒತ್ತಿದೆ. ಬಿರುಕು ನಾಲ್ಕರಿಂದ ಆರು ಸೆಂಟಿಮೀಟರ್ ಆಯಿತು. ಮಧ್ಯಾಹ್ನ ಮಾಡಿದ ತಪ್ಪನ್ನೇ ರಾತ್ರಿ ಮತ್ತೆ ಮಾಡಿದ್ದೆ.

ಊಟ ಮಾಡಿ, ಅರ್ಧ ಗಂಟೆ ಅದರ ಹತ್ತಿರ ಹೋಗಲಿಲ್ಲ.

ಶನಿವಾರ ರಾತ್ರಿ 9.00: ಎರಡನೇ ರಿಪೇರಿ

ದಾರ ಸುತ್ತುವ ವಿಚಾರ ಹೊಳೆದದ್ದು ಕ್ರಿಕೆಟ್ ಬ್ಯಾಟಿನಿಂದ. ಊರಿನಲ್ಲಿ ಬ್ಯಾಟಿನ ಹಿಡಿ ಸೀಳಿದರೆ ಹೊಸದು ಯಾರು ತಂದುಕೊಡುತ್ತಿದ್ದರು? ಅಂಟು ಸವರಿ, ದಾರ ಬಿಗಿದು ಸುತ್ತಿ, ಗಂಟು ಹಾಕದೆ ದಾರದ ತುದಿಯನ್ನು ಕುಣಿಕೆಯಿಂದ ಒಳಕ್ಕೆ ಎಳೆದು ಮುಗಿಸುತ್ತಿದ್ದೆವು. ಆ ಕೆಲಸ ಕೈಗೆ ಇನ್ನೂ ನೆನಪಿತ್ತು.

1. ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ ಹಳೆಯ ಎಪಾಕ್ಸಿ ಮೆತ್ತಗಾದಾಗ ಕೆರೆದು ತೆಗೆದೆ. ಒಳಭಾಗಕ್ಕೆ 400 ನಂಬರ್ ಉಪ್ಪುಕಾಗದವನ್ನು ಮರದ ಸೌಟಿನ ಹಿಡಿಗೆ ಸುತ್ತಿ ಉಜ್ಜಿದೆ. 40 ನಿಮಿಷ.

2. ಹೊರಗೆ ಬುಡದಿಂದ 8 ಸೆಂ.ಮೀ. ವಾರ್ನಿಶ್ ಅನ್ನು 240 ನಂಬರ್ ಕಾಗದದಿಂದ ಹೊಳಪು ಹೋಗುವವರೆಗೆ ಉಜ್ಜಿದೆ. ಕಾಗದವನ್ನು ಒದ್ದೆ ಮಾಡಿಕೊಂಡೆ, ಮಾಸ್ಕ್ ಮತ್ತು ಕೈಗವಸು ಹಾಕಿಕೊಂಡೆ. ಕಾರ್ಬನ್ ಧೂಳು ಒಳಗೆ ಹೋಗಬಾರದು. ಅದರ ಸಿಬಿರು ಚರ್ಮಕ್ಕೆ ಹೊಕ್ಕರೆ ದಿನಗಟ್ಟಲೆ ಚುಚ್ಚುತ್ತದೆ.

3. ಬಿರುಕಿನ ಮೇಲ್ತುದಿಯಲ್ಲಿ 1 ಮಿ.ಮೀ. ರಂಧ್ರ ಕೊರೆದೆ. ಬಿರುಕು ಅಲ್ಲಿಗೆ ನಿಲ್ಲಲಿ ಎಂದು.

4. ಆರನೇ ತುಂಡಿನ ತುದಿಗೆ ಮೇಣದಬತ್ತಿ ಉಜ್ಜಿ, ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆ ಎರಡು ಸುತ್ತು ಸುತ್ತಿ, ಐದನೆಯದರೊಳಗೆ ತೂರಿಸಿದೆ. ಅಂಟು ಒಣಗುವವರೆಗೆ ಬುಡ ದುಂಡಗೆ ಉಳಿಯಲು ಇದು ಅಚ್ಚು.

5. ಸ್ಪಿರಿಟ್‌ನಿಂದ ಒರೆಸಿ, ನಿಧಾನವಾಗಿ ಒಣಗುವ ಎಪಾಕ್ಸಿ ತೆಳ್ಳಗೆ ಹಚ್ಚಿದೆ. ಕೋಟಿನ ಗುಂಡಿ ಹೊಲಿಯುವ ನೈಲಾನ್ ದಾರವನ್ನು ಬುಡದಿಂದ ಮೇಲಕ್ಕೆ, ಸುತ್ತಿಗೆ ಸುತ್ತು ತಾಗುವಂತೆ, 7 ಸೆಂ.ಮೀ. ಸುತ್ತಿದೆ. ಇನ್ನೂರಕ್ಕೂ ಹೆಚ್ಚು ಸುತ್ತು. ನಡುವೆ ಒಮ್ಮೆ ದಾರ ಜಾರಿ ಇಪ್ಪತ್ತು ಸುತ್ತು ಬಿಚ್ಚಿಕೊಂಡಿತು. ಆಗ ಹೆಂಡತಿ ಬಂದು ಇನ್ನೊಂದು ತುದಿ ಹಿಡಿದು ತಿರುಗಿಸಿದಳು. ನಾನು ದಾರವನ್ನು ಬಿಗಿಯಾಗಿ ಹಿಡಿದೆ, ಅವಳು ಕೋಲನ್ನು ತಿರುಗಿಸಿದಳು. ಒಬ್ಬರೇ ಮಾಡುವ ಕೆಲಸವಲ್ಲ ಇದು.

6. ದಾರದ ಮೇಲೆ ಇನ್ನೊಂದು ತೆಳು ಲೇಪ. ಅಂಟು ಒಂದೇ ಕಡೆ ಇಳಿಯದಂತೆ ಒಂದು ಗಂಟೆ, ಹತ್ತು ನಿಮಿಷಕ್ಕೊಮ್ಮೆ ತಿರುಗಿಸಿದೆ. ಮುಗಿದಾಗ 11.50.

ಭಾನುವಾರ, ಬೆಳಿಗ್ಗೆ 8.00

ಉಗುರಿನಿಂದ ಒತ್ತಿದರೆ ಗುರುತು ಬೀಳಲಿಲ್ಲ. ಆದರೆ ಅಚ್ಚು ಬಿಡಲಿಲ್ಲ. ಒಳಗಿನ ಆರನೇ ತುಂಡಿನ ಮೇಲೆ ತಣ್ಣೀರು ಹರಿಸಿ, ಬಲ ಹಾಕದೆ ಸ್ವಲ್ಪ ಸ್ವಲ್ಪ ಆಡಿಸುತ್ತಾ 20 ನಿಮಿಷಕ್ಕೆ ಬಿಡಿಸಿದೆ. ಪ್ಲಾಸ್ಟಿಕ್ ಎರಡು ಸುತ್ತು ಹಾಕಿದ್ದು ಹೆಚ್ಚಾಗಿತ್ತು, ಒಂದೇ ಸಾಕಿತ್ತು. ಒಳವ್ಯಾಸ ಕೂದಲೆಳೆಯಷ್ಟು ದೊಡ್ಡದಾಗಿ, ಜೋಡಣೆ 9ರ ಬದಲು 10 ಸೆಂ.ಮೀ. ಒಳಗೆ ಹೋಗುತ್ತದೆ, ತುಸು ಆಡುತ್ತದೆ. ಆರನೆಯದರ ತುದಿಗೆ ಮೇಣ ದಪ್ಪಗೆ ಉಜ್ಜಿದ ಮೇಲೆ ಆಟ ಕಡಿಮೆಯಾಯಿತು.

ಭಾನುವಾರ, 9.30ರಿಂದ 4.00

ನಿನ್ನೆಯ ಜಾಗದಲ್ಲಿ ಬೇರೆಯವರು ಕೂತಿದ್ದರು. ನಲವತ್ತು ಮೀಟರ್ ಮುಂದೆ ಕೂತೆ. ಒಂದೇ ಕಾಲುವೆ, ಅದೇ ಆಳ ಇರುತ್ತದೆ ಎಂದುಕೊಂಡು ಅಳೆಯಲೇ ಇಲ್ಲ. ಎರಡು ಗಂಟೆ ಬೆಂಡು ಅಲುಗಲಿಲ್ಲ. ಅಕ್ಕಪಕ್ಕದವರು ಒಂದರ ಮೇಲೊಂದು ರೋಚ್ ಎತ್ತುತ್ತಿದ್ದರು. 11.30ಕ್ಕೆ ತೂಕ ಹಾಕಿ ಅಳೆದರೆ 5 ಮೀಟರ್‌ಗೆ 1.35 ಮೀ., ನಿನ್ನೆಗಿಂತ 20 ಸೆಂ.ಮೀ. ಹೆಚ್ಚು. ನನ್ನ ಬ್ರೆಡ್ ಚುಕ್ಕೆ ಮೀನಿನ ತಲೆಯ ಮೇಲೆ ತೇಲಾಡುತ್ತಿತ್ತು. ಬೆಂಡು ಸರಿಸಿದ ಮೂರನೇ ನಿಮಿಷಕ್ಕೆ ಮೊದಲ ರೋಚ್. ಒಂದು ಗಂಟೆಯೊಳಗೆ 14.

ಒಂದು ಗಂಟೆಗೆ ಪೂರ್ತಿ 11 ಮೀಟರ್ ಜೋಡಿಸಿದೆ. ಪ್ರತಿ ಜೋಡಣೆಯನ್ನೂ ಒದ್ದೆ ಬಟ್ಟೆಯಿಂದ ಒಳಗೆ, ಹೊರಗೆ ಒರೆಸಿದೆ. ಬಿಚ್ಚಿದ ಬುಡ ಇಡಲು ಹುಲ್ಲಿನ ಮೇಲೆ ಹಳೆಯ ಬೆಡ್‌ಶೀಟ್ ಹಾಸಿದ್ದೆ. ಮೊದಲು ಬಂದದ್ದು ಸಿಗ್ನಲ್ ಕ್ರೇಫಿಶ್, ದೊಡ್ಡ ಸೀಗಡಿಯಂಥ ಪ್ರಾಣಿ. ಅಮೆರಿಕದಿಂದ ತಂದು ಇಲ್ಲಿಯ ನೀರಿಗೆಲ್ಲ ಹಬ್ಬಿದ ಜಾತಿ. ಹಿಡಿದ ಮೇಲೆ ಅದನ್ನು ನೀರಿಗೆ ಬಿಡುವುದು ಕಾನೂನು ಪ್ರಕಾರ ಅಪರಾಧ. ಎರೆಹುಳು ತಳಕ್ಕೆ ತಾಗದಂತೆ ಬೆಂಡನ್ನು 5 ಸೆಂ.ಮೀ. ಇಳಿಸಿದೆ.

2.40ಕ್ಕೆ ಬೆಂಡು ನೇರವಾಗಿ ಮುಳುಗಿತು. ಪರ್ಚ್ ಎಂದು ತಲೆ ಒದರುವ ರೀತಿಯಲ್ಲೇ ಗೊತ್ತಾಯಿತು. ಈ ಸಲ ಎತ್ತಲಿಲ್ಲ. ಕೋಲನ್ನು ನೀರಿನ ಮಟ್ಟದಲ್ಲೇ ಇಟ್ಟು ಬದಿಗೆ ಎಳೆದು, ಪೊದೆಯಿಂದ ಹೊರಗೆ ತಂದು, ನಿಧಾನವಾಗಿ ಹಿಂದೆ ಜಾರಿಸಿದೆ. ಐದನೇ ತುಂಡು ಅಂಗೈ ಮೇಲೆ ಹಾದಾಗ ದಾರದ ಏಣು ತಾಗಿತು. ಬಲೆಗೆ ಬಂದದ್ದು 540 ಗ್ರಾಂ ಪರ್ಚ್: ಹಸಿರು ಮೈ ಮೇಲೆ ಕಪ್ಪು ಪಟ್ಟೆ, ಕುಂಕುಮ ಬಣ್ಣದ ರೆಕ್ಕೆ, ಕೈಗೆ ಚುಚ್ಚುವ ಬೆನ್ನಮುಳ್ಳು. ಒದ್ದೆ ಕೈಯಲ್ಲಿ ಹಿಡಿದು, ತೂಗಿ, ಬಿಟ್ಟೆ. ಒಂದು ಕ್ಷಣ ದಂಡೆಯ ಬಳಿಯೇ ನಿಂತು, ಆಮೇಲೆ ಹೋಯಿತು.

ಅದರ ನಂತರ ಇನ್ನೂ ಮೂರು ಸಣ್ಣ ಪರ್ಚ್. ಬ್ರೀಮ್ ಬರಲಿಲ್ಲ.

ಖರ್ಚು

ಪೋಲ್ 60 ಪೌಂಡ್; ಎಲಾಸ್ಟಿಕ್ 9; ಬುಶ್, ಕನೆಕ್ಟರ್ 6; ಬೆಂಡು 6; ಪಿಂಕಿ 2.50; ಕ್ಯಾಸ್ಟರ್ 4.50, ಎರೆಹುಳು 6, ಬ್ರೆಡ್ 1.40, ಗಾಳ ಹಾಕಲು ಎರಡು ದಿನದ ಟಿಕೆಟ್ 14, ಎಪಾಕ್ಸಿ 7. ಒಟ್ಟು 116 ಪೌಂಡ್ 40 ಪೆನ್ಸ್. ಲೈಸೆನ್ಸ್ ಬೇರೆ.

ಈಗಿನ ಸ್ಥಿತಿ

ಮನೆಗೆ ಬಂದು ನೋಡಿದರೆ ಬಿರುಕು ರಂಧ್ರ ದಾಟಿಲ್ಲ. ಬುಡದ ಅಂಚಿನ ನಾಲ್ಕು ಸುತ್ತು ದಾರ ಸವೆದಿತ್ತು; ಅದಕ್ಕೇ ಎರಡನೇ ಲೇಪ. ದಪ್ಪವಾದ್ದರಿಂದ, ಬಿಚ್ಚಿ ಒಂದರೊಳಗೊಂದು ತೂರಿಸಿ ಚೀಲಕ್ಕೆ ಹಾಕುವಾಗ ಐದನೆಯದು ಆರನೆಯದರೊಳಗೆ ಪೂರ್ತಿ ಹೋಗುವುದಿಲ್ಲ, 12 ಸೆಂ.ಮೀ. ಹೊರಗೆ ನಿಲ್ಲುತ್ತದೆ, ಚೀಲದ ಜಿಪ್ ಹಾಕಲಾಗುವುದಿಲ್ಲ. ಐದನೇ ತುಂಡು ಹೊಸದಾಗಿ ಸಿಕ್ಕರೆ 30 ಪೌಂಡ್ ಆದರೂ ಆದೀತು. ಅದಕ್ಕೆ ಮೊದಲು ಎರಡನೇ ರೋಲರ್ ಕೊಳ್ಳಬೇಕು. ಲೇಪ ಇನ್ನೂ ಅಂಟಂಟಾಗಿದೆ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಉಗುರಿನಿಂದ ಒತ್ತಿ ನೋಡುತ್ತೇನೆ.